ಜೋಡಿ ನಳಿಗೆ ಕೋವಿ: ತೊಂದರೆ ಕಾಣುವುದು ಒಂದು ಕಡೆ, ಇರುವುದು ಇನ್ನೊಂದು ಕಡೆ

ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಕೋವಿ ರಿಪೇರಿ ಅಂಗಡಿಗೆ ಕೊಡಗಿನಿಂದ ಹಳೆಯ ಕೋವಿಗಳು ಬರಲು ಶುರುವಾಗುತ್ತವೆ. ಸೆಪ್ಟೆಂಬರ್ 3ರ ಸುಮಾರಿಗೆ ಕೊಡವರ ಕೈಲ್‌ಪೊಳ್ದ್ ಹಬ್ಬ. ಅವತ್ತು ಮನೆಯ ಕೋವಿ, ಕತ್ತಿಗಳನ್ನೆಲ್ಲ ಪೂಜೆಗೆ ಇಡುತ್ತಾರೆ, ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸುತ್ತಾರೆ. ವರ್ಷವಿಡೀ ಅಟ್ಟದ ಮೇಲೆ, ಬೀರುವಿನ ಹಿಂದೆ ಮಲಗಿದ್ದ ಕೋವಿಯನ್ನು ಆಗ ಕೈಗೆತ್ತಿಕೊಳ್ಳುತ್ತಾರೆ. ಆಗಲೇ ಅದರ ಕಾಯಿಲೆ ಗೊತ್ತಾಗುವುದು.

ಒಂದು ವರ್ಷ ಹೀಗೆ ಬಂದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ 12 ಬೋರ್ ಜೋಡಿ ನಳಿಗೆ. ಹೊರಗೆ ಎರಡು ಕುದುರೆ, ಅಂದರೆ ಟ್ರಿಗರ್ ಒತ್ತಿದಾಗ ಬಿದ್ದು ಹೊಡೆಯುವ ಸುತ್ತಿಗೆಯಂಥ ಭಾಗ, ಇರುವ ಹಳೆಯ ಮಾದರಿ. ತಂದವರು ವಯಸ್ಸಾದ ಒಬ್ಬರು ಮತ್ತು ಅವರ ಮೊಮ್ಮಗ. "ಎಡಗಡೆ ಕುದುರೆ ಬೀಳುತ್ತೆ, ತೋಟೆ (ಕಾರ್ಟ್ರಿಜ್) ಮಾತ್ರ ಹತ್ತೋದಿಲ್ಲ. ಅದೂ ಮಳೆಗಾಲದಲ್ಲೇ ಜಾಸ್ತಿ. ಸ್ಪ್ರಿಂಗ್ ಎರಡು ಸಲ ಬದಲಾಯಿಸಿ ಆಯ್ತು" ಎಂದರು ಅಜ್ಜ. ಮೊಮ್ಮಗ ತನ್ನ ಪಾಲಿನ ಕೆಲಸವನ್ನೂ ಮಾಡಿದ್ದ. ಅಂತರ್ಜಾಲದಲ್ಲಿ ನೋಡಿಕೊಂಡು ನಳಿಗೆಯ ಅರ್ಧ ಭಾಗವನ್ನು ಎಮರಿ ಪೇಪರಿನಲ್ಲಿ ಉಜ್ಜಿ ಬೆಳ್ಳಗೆ ಮಾಡಿದ್ದ.

ಈ ಬರಹ ಆ ಹುಡುಗನಂಥವರಿಗೆ. ಮನೆಯ ಹಳೆಯ ಕೋವಿಯ ಮೇಲೆ ಪ್ರೀತಿ ಇದೆ, ಸರಿ ಮಾಡಬೇಕೆಂಬ ಆಸೆ ಇದೆ, ಆದರೆ ಎಲ್ಲಿಂದ ಶುರು ಮಾಡಬೇಕು ಎಂದು ಗೊತ್ತಿಲ್ಲ. ನಾನು ಹೇಳುವುದು ಇಷ್ಟೇ. ಹೊಳಪು ಕೊಡುವುದು ಕೊನೆಯ ಕೆಲಸ. ಮೊದಲನೆಯದು ಕಾಯಿಲೆ ಎಲ್ಲಿದೆ ಎಂದು ಪತ್ತೆ ಹಚ್ಚುವುದು. ಹಳೆಯ ಕೋವಿಯಲ್ಲಿ ತೊಂದರೆ ಕಾಣುವ ಜಾಗವೂ ಅದು ಇರುವ ಜಾಗವೂ ಬೇರೆ ಬೇರೆ ಆಗಿರುವುದೇ ಹೆಚ್ಚು.

ಕೈ ಹಾಕುವ ಮೊದಲು

ಕೋವಿ ತೆರೆದು ಎರಡೂ ನಳಿಗೆ ಖಾಲಿ ಇದೆ ಎಂದು ಕಣ್ಣಿನಿಂದ ನೋಡಿ. ಆಮೇಲೆ ಬೆರಳು ಹಾಕಿಯೂ ನೋಡಿ. "ಇದು ಐವತ್ತು ವರ್ಷದಿಂದ ಖಾಲಿ ಇದೆ" ಎಂದು ಹೇಳಿ ತಂದ ಕೋವಿಯಲ್ಲಿ ತುಂಬಿದ ತೋಟೆ ಸಿಕ್ಕಿದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಜೀವಂತ ತೋಟೆಗಳು ಪರೀಕ್ಷೆ ಮಾಡುವ ಕೋಣೆಯಲ್ಲೇ ಇರಬಾರದು. ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡಿ. ಕಣಜದ ಮಣ್ಣುಗೂಡು, ಬಟ್ಟೆ ಚೂರು, ಸತ್ತ ಜಿರಳೆ ಏನು ಬೇಕಾದರೂ ಇರಬಹುದು.

ಕಾನೂನಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. 1959ರ ಆಯುಧ ಕಾಯ್ದೆಯ ಪ್ರಕಾರ ಕೋವಿ ರಿಪೇರಿ ಮಾಡುವುದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಕೊಡವರಿಗೂ ಜಮ್ಮಾ ಎಂಬ ಕೊಡಗಿನ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಕೋವಿ ರಿಪೇರಿಯ ಕಸುಬಿಗೆ ಅಲ್ಲ. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದಂತೂ ಅಪರಾಧ. ಹಾಗಾಗಿ ಮನೆಯಲ್ಲಿ ನೀವು ಮಾಡಬಹುದಾದದ್ದು ನೋಡುವುದು, ಅಳೆಯುವುದು, ಒರೆಸುವುದು, ಎಣ್ಣೆ ಹಚ್ಚುವುದು, ಮರದ ಆರೈಕೆ. ಬೆಸುಗೆ, ಅರ, ಕೊರೆಯುವುದು ಇವೆಲ್ಲ ಲೈಸೆನ್ಸ್ ಇರುವ ಕುಶಲಕರ್ಮಿಯ ಕೆಲಸ. ಆದರೆ ಒಂದು ಮಾತು. ಕಾಯಿಲೆಯನ್ನು ಸರಿಯಾಗಿ ಹೇಳಬಲ್ಲ ಮಾಲೀಕ ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ನಳಿಗೆಯೇ ಮೊದಲು

ಮರ ಒಡೆದಿರಲಿ, ಸ್ಪ್ರಿಂಗ್ ಮುರಿದಿರಲಿ, ಅದನ್ನೆಲ್ಲ ಪಕ್ಕಕ್ಕಿಡಿ. ನಳಿಗೆ ಚೆನ್ನಾಗಿಲ್ಲದಿದ್ದರೆ ಉಳಿದ ಖರ್ಚಿಗೆ ಅರ್ಥವೇ ಬೇರೆ. ಈಡು ಹೊಡೆಯುವ ಕೋವಿಯಾಗಿ ಸರಿ ಮಾಡುವುದಾ, ಗೋಡೆಯ ಮೇಲೆ ಗೌರವದಿಂದ ಇಡುವ ಕೋವಿಯಾಗಿ ಸರಿ ಮಾಡುವುದಾ ಎಂದು ತೀರ್ಮಾನಿಸುವುದು ನಳಿಗೆ.

ಮುಂದಿನ ಮರ ಬಿಚ್ಚಿ ನಳಿಗೆಗಳನ್ನು ಹೊರಗೆ ತೆಗೆಯಿರಿ. ತಿರುಗಿಸಿ ತಳ ನೋಡಿ. ಹಿಂಬದಿಯ ಚಪ್ಪಟೆ ಭಾಗದಲ್ಲಿ ಸಣ್ಣ ಸಣ್ಣ ಮುದ್ರೆಗಳು ಕಾಣುತ್ತವೆ. ಇವು ಅಲಂಕಾರವಲ್ಲ, ಕೋವಿಯ ಜಾತಕ. ಇಂಗ್ಲೆಂಡಿನಲ್ಲಿ ಪ್ರತಿ ಕೋವಿಯನ್ನೂ ಮಾರುವ ಮೊದಲು ಜಾಸ್ತಿ ಮದ್ದು ತುಂಬಿ ಸಿಡಿಸಿ ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆ 1813ರಲ್ಲಿ ಶುರುವಾದದ್ದು. ಲಂಡನ್ನಿನದು ಅದಕ್ಕಿಂತ ಹಳೆಯದು, ಅದನ್ನು ನಡೆಸುವ ಕೋವಿ ತಯಾರಕರ ಸಂಘಕ್ಕೆ 1637ರ ಸನ್ನದು ಇದೆ.

ನೀವು ಹುಡುಕಬೇಕಾದ ಪ್ರಶ್ನೆ ಒಂದೇ. ಈ ನಳಿಗೆ ಹಳೆಯ ಕರಿಮದ್ದಿಗೆ ಮಾತ್ರ ಪಾಸಾಗಿದೆಯಾ, ಇಲ್ಲಾ ಈಗಿನ ಹೊಗೆ ಬಾರದ ನೈಟ್ರೋ ಮದ್ದಿಗೂ ಪಾಸಾಗಿದೆಯಾ? ಅಡ್ಡಡ್ಡ ಹಾಕಿದ ಎರಡು ರಾಜದಂಡ, ಮೇಲೆ ಕಿರೀಟ, ಸಂದುಗಳಲ್ಲಿ ಬಿ, ಪಿ, ಸಿ ಅಕ್ಷರಗಳು ಇದ್ದರೆ ಅದು 1904ಕ್ಕಿಂತ ಮೊದಲಿನ ಬರ್ಮಿಂಗ್‌ಹ್ಯಾಮ್ ಮುದ್ರೆ. ಜೊತೆಯಲ್ಲಿ ನೈಟ್ರೋ ಎಂಬ ಮಾತು ಎಲ್ಲೂ ಇಲ್ಲದಿದ್ದರೆ ಅದನ್ನು ಕರಿಮದ್ದಿನ ಕೋವಿ ಎಂದೇ ತಿಳಿಯಬೇಕು. 1896ರ ನಿಯಮ ಬಂದ ಮೇಲೆ 'ನೈಟ್ರೋ ಪ್ರೂಫ್' ಎಂದು ಇಂಗ್ಲಿಷಿನಲ್ಲಿ ಅಕ್ಷರದಲ್ಲೇ ಒತ್ತುವುದು ಶುರುವಾಯಿತು. 1904ರಿಂದ ಬರ್ಮಿಂಗ್‌ಹ್ಯಾಮಿನಲ್ಲಿ ಕಿರೀಟದ ಕೆಳಗೆ ಎನ್‌ಪಿ, 1954ರಿಂದ ಬಿಎನ್‌ಪಿ. ಬೆಲ್ಜಿಯಂನ ಲಿಯೇಜ್ ಕೋವಿಗಳೂ ನಮ್ಮ ಕಡೆ ಸಾಕಷ್ಟಿವೆ. ಅವುಗಳಲ್ಲಿ ಮೊಟ್ಟೆ ಆಕಾರದ ಚೌಕಟ್ಟಿನೊಳಗೆ ಇಎಲ್‌ಜಿ ಎಂದಿರುತ್ತದೆ. ನೈಟ್ರೋಗೆ ಪಾಸಾಗಿದ್ದರೆ ಸಿಂಹದ ಕೆಳಗೆ ಪಿವಿ ಎಂದು ಇರುತ್ತದೆ.

ಡಮಾಸ್ಕಸ್ ನಳಿಗೆಯ ಬಗ್ಗೆ ಜನರಲ್ಲಿ ಎರಡು ತಪ್ಪು ನಂಬಿಕೆ ಇದೆ. ಒಬ್ಬರು ಅದು ಕೈ ಕೊಟ್ಟೇ ಕೊಡುತ್ತದೆ ಎನ್ನುತ್ತಾರೆ, ಇನ್ನೊಬ್ಬರು ಅದಕ್ಕಿಂತ ಗಟ್ಟಿ ಯಾವುದೂ ಇಲ್ಲ ಎನ್ನುತ್ತಾರೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಬಡಿದು ಬೆಸೆದ ನಳಿಗೆ ಅದು. ಮೈಮೇಲೆ ಸುಳಿ ಸುಳಿಯಾದ ಚಿತ್ತಾರ ಇರುತ್ತದೆ. ನೈಟ್ರೋಗೆ ಪಾಸಾದ ಡಮಾಸ್ಕಸ್ ನಳಿಗೆಗಳೂ ಇವೆ. ಆದರೆ ನೂರು ವರ್ಷದಲ್ಲಿ ಪದರಗಳ ಸಂದಿಗೆ ತುಕ್ಕು ಇಳಿದಿದೆಯಾ ಇಲ್ಲವಾ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಹಾಗಾಗಿ ಅಳತೆ ಮಾಡಿಸದೆ, ಬಲ್ಲವರ ಒಪ್ಪಿಗೆ ಇಲ್ಲದೆ ಅಂಥ ಕೋವಿಯಲ್ಲಿ ಈಡು ಹೊಡೆಯುವುದು ಬೇಡವೇ ಬೇಡ.

ಈಗ ಅಳತೆ. ತೋಟೆ ಕೂರುವ ಕಡೆಯಿಂದ 9 ಇಂಚು ಒಳಗೆ ನಳಿಗೆಯ ಒಳವ್ಯಾಸ ನೋಡಬೇಕು. 1954ಕ್ಕೆ ಮೊದಲಿನ ಇಂಗ್ಲಿಷ್ ಕೋವಿಗಳಲ್ಲಿ ಇದನ್ನು 12, 13, 13/1 ಎಂದು ಗೇಜಿನ ಲೆಕ್ಕದಲ್ಲಿ (ಸಂಖ್ಯೆ ಕಡಿಮೆಯಾದಷ್ಟೂ ನಳಿಗೆ ಅಗಲ) ಒತ್ತಿರುತ್ತಾರೆ. 13 ಎಂದರೆ 0.710 ಇಂಚು, 13/1 ಎಂದರೆ 0.719, 12 ಎಂದರೆ 0.729, 12/1 ಎಂದರೆ 0.740. ಎಷ್ಟೋ ಜನ 13 ನೋಡಿ "ಇದು 12 ಬೋರ್ ಅಲ್ವಾ?" ಎಂದು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಅದು ತೋಟೆಯ ಅಳತೆಯಲ್ಲ, ನಳಿಗೆಯ ಒಳಗಿನ ಅಳತೆ. ತೋಟೆಯ ಅಳತೆ ವಜ್ರಾಕಾರದ ಚೌಕಟ್ಟಿನಲ್ಲಿ 12 ಎಂದು ಬೇರೆಯಾಗಿ ಇರುತ್ತದೆ. ಈಗಿನ ಅಳತೆ ಮುದ್ರೆಗಿಂತ 0.010 ಇಂಚು, ಅಂದರೆ ಕಾಲು ಮಿಲಿಮೀಟರ್ ಹಿಗ್ಗಿದ್ದರೆ ಹಿಂದೆ ಯಾರೋ ತುಕ್ಕಿನ ಗುಳಿ ತೆಗೆಯಲು ಒಳಗಿನಿಂದ ಸವೆಸಿದ್ದಾರೆ ಎಂದು ಅರ್ಥ. ಒಳಗೆ ಕನ್ನಡಿಯ ಹಾಗೆ ಹೊಳೆಯುವ ಹಳೆಯ ನಳಿಗೆ ಕಂಡರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ. ಗೋಡೆ ದಪ್ಪ ಎಲ್ಲೂ 0.020 ಇಂಚಿಗಿಂತ, ಅಂದರೆ ಸುಮಾರು ಅರ್ಧ ಮಿಲಿಮೀಟರಿಗಿಂತ, ಕಡಿಮೆ ಇರಬಾರದು ಎಂಬುದು ಈ ಕಸುಬಿನವರು ಇಟ್ಟುಕೊಂಡ ಲೆಕ್ಕ. ಅದನ್ನು ಅಳೆಯಲು ಉದ್ದ ತೋಳಿನ ಗೇಜ್ ಬೇಕು. ಮನೆಯ ಕ್ಯಾಲಿಪರ್‌ನಲ್ಲಿ ತುದಿಯ ದಪ್ಪ ಮಾತ್ರ ಸಿಗುತ್ತದೆ.

ಗುಳಿ, ನೆಗ್ಗು, ಉಬ್ಬುಗಳನ್ನು ಕಣ್ಣಿನಲ್ಲೇ ನೋಡಬಹುದು. ನಳಿಗೆಯನ್ನು ಕಿಟಕಿಯ ಅಡ್ಡ ಪಟ್ಟಿಯ ಕಡೆ ಹಿಡಿದು ಒಳಗೆ ಬೀಳುವ ನೆರಳಿನ ಗೆರೆ ನೋಡಿ. ನಳಿಗೆಯನ್ನು ನಿಧಾನ ತಿರುಗಿಸಿದರೆ ಗೆರೆ ನೇರವಾಗಿ ಹರಿಯಬೇಕು. ಒಂದು ಕಡೆ ಮುರಿದರೆ ಅಲ್ಲಿ ನೆಗ್ಗು ಇದೆ. ಸುತ್ತಲೂ ಉಂಗುರದ ಹಾಗೆ ಕಂಡರೆ ಅದು ಉಬ್ಬು, ಯಾವತ್ತೋ ಒಳಗೆ ಏನೋ ಸಿಕ್ಕಿಕೊಂಡಿದ್ದಾಗ ಈಡು ಹೊಡೆದಿದ್ದಾರೆ. ನೆಗ್ಗನ್ನು ಕುಶಲಕರ್ಮಿ ಒಳಗಿನಿಂದ ಎತ್ತಬಲ್ಲ. ಉಬ್ಬು ಅಷ್ಟು ಸುಲಭವಲ್ಲ, ಅಲ್ಲಿ ಲೋಹವೇ ಹಿಗ್ಗಿ ತೆಳುವಾಗಿರುತ್ತದೆ. ತೋಟೆಯ ತಳದಲ್ಲಿ ಮದ್ದಿಗೆ ಕಿಡಿ ಹಚ್ಚುವ ಹಳೆಯ ಕೇಪುಗಳ ಮಸಿಯಲ್ಲಿ ಉಪ್ಪಿನ ಅಂಶ ಉಳಿಯುತ್ತಿತ್ತು, ಅದು ನಮ್ಮ ಮಲೆನಾಡಿನ ಗಾಳಿಯಲ್ಲಿ ನೀರು ಹೀರಿಕೊಂಡು ನಳಿಗೆಯನ್ನು ತಿನ್ನುತ್ತಿತ್ತು. ಹಳೆಯ ಗುಳಿಗಳಲ್ಲಿ ಬಹಳಷ್ಟು ಹುಟ್ಟಿದ್ದು ಹೀಗೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಅದಕ್ಕೇ ಹಿಂದಿನವರು ಮೊದಲು ಬಿಸಿನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು.

ತೋಟೆಯ ಉದ್ದವನ್ನು ತುಂಬಾ ಜನ ಮರೆಯುತ್ತಾರೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಚೇಂಬರ್, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಭಾಗ, ಸಾಮಾನ್ಯವಾಗಿ ಎರಡೂವರೆ ಇಂಚು, ತೋಟೆಯ ಪೆಟ್ಟಿಗೆಯ ಲೆಕ್ಕದಲ್ಲಿ 65 ಮಿ.ಮೀ. ಈಗ ಸಿಗುವ ಎಷ್ಟೋ ತೋಟೆಗಳು 70 ಮಿ.ಮೀ. "ತೋಟೆ ಸಲೀಸಾಗಿ ಒಳಗೆ ಹೋಗುತ್ತಲ್ಲ" ಎನ್ನುತ್ತಾರೆ. ಹೋಗುತ್ತದೆ, ಯಾಕೆಂದರೆ ಅದರ ಬಾಯಿ ಮಡಚಿದೆ. ಪೆಟ್ಟಿಗೆಯ ಮೇಲೆ ಬರೆದ ಉದ್ದ ಸಿಡಿದು ಬಿಚ್ಚಿಕೊಂಡ ಮೇಲಿನ ಉದ್ದ. ಗಿಡ್ಡ ಚೇಂಬರಿನಲ್ಲಿ ಬಿಚ್ಚಿಕೊಂಡ ಬಾಯಿ ಮುಂದಿನ ಇಕ್ಕಟ್ಟಿಗೆ ತುರುಕಿಕೊಂಡು ಒತ್ತಡ ಏರುತ್ತದೆ. ಭುಜಕ್ಕೆ ಜಾಸ್ತಿ ಒದೆಯುತ್ತದೆ, ಖಾಲಿ ತೋಟೆಯ ಬಾಯಿ ಹರಿದು ಬರುತ್ತದೆ ಎಂಬ ದೂರು ಬಂದರೆ ನಾನು ಮೊದಲು ಕೇಳುವುದು ತೋಟೆಯ ಪೆಟ್ಟಿಗೆಯನ್ನು.

ಕೊನೆಯದಾಗಿ ಗಂಟೆ ಪರೀಕ್ಷೆ. ನಳಿಗೆಗಳನ್ನು ತಳದ ಕೊಕ್ಕೆಯಲ್ಲಿ ದಾರ ಹಾಕಿ ತೂಗುಬಿಡಿ. ಮರದ ಚಮಚದ ಹಿಡಿಯಿಂದ ಮೆಲ್ಲಗೆ ತಟ್ಟಿ. ದೇವಸ್ಥಾನದ ಗಂಟೆಯ ಹಾಗೆ ನಾದ ಉಳಿಯಬೇಕು. ಡಬ್ ಎಂದು ಸತ್ತರೆ ಅಥವಾ ಗರಗರ ಎಂದರೆ ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ. ಈ ಪಟ್ಟಿಯನ್ನು ಕೂರಿಸಿರುವುದು ಮೆದು ತವರ-ಸೀಸದ ಬೆಸುಗೆಯಿಂದ. ಇನ್ನೊಂದು ಎಚ್ಚರಿಕೆಯೂ ಇಲ್ಲಿಂದಲೇ ಬರುತ್ತದೆ. ಈಗಿನ ಬಂದೂಕುಗಳಿಗೆ ಮಾಡುವ ಬಿಸಿ ಉಪ್ಪಿನ ಕರಿಬಣ್ಣವನ್ನು ಜೋಡಿ ನಳಿಗೆಗೆ ಎಂದೂ ಮಾಡಿಸಬೇಡಿ. ಆ ಕ್ಷಾರದ ನೀರು ಬೆಸುಗೆಯನ್ನೇ ತಿನ್ನುತ್ತದೆ. ಸರಿಯಾದ ಹಳೆಯ ವಿಧಾನ ಎಂದರೆ ಮೆಲ್ಲಗೆ ತುಕ್ಕು ಹಿಡಿಸಿ, ಕುದಿಸಿ, ಸಣ್ಣ ತಂತಿ ಬ್ರಷ್‌ನಲ್ಲಿ ಉಜ್ಜಿ, ಮತ್ತೆ ತುಕ್ಕು ಹಿಡಿಸುವುದು. ದಿನಗಟ್ಟಲೆ ಹಿಡಿಯುತ್ತದೆ. ಆದರೆ ಆ ಕಪ್ಪಿನ ಆಳ ಬೇರೆ ಯಾವುದಕ್ಕೂ ಬರುವುದಿಲ್ಲ.

ಅಜ್ಜನ ಕೋವಿಯ ತಳದಲ್ಲಿ ರಾಜದಂಡದ ಮುದ್ರೆಗಳಿದ್ದವು. ನೈಟ್ರೋ ಎಂಬುದು ಎಲ್ಲೂ ಇರಲಿಲ್ಲ. ಒಂದು ನಳಿಗೆಯ ಮೇಲೆ 'ಒಂಟಿ ಗುಂಡು ಹಾಕಲು ಅಲ್ಲ' ಎಂಬ ಅರ್ಥದ ಇಂಗ್ಲಿಷ್ ಮಾತು ಒತ್ತಿತ್ತು. ಬಾಯಿ ಕಿರಿದು ಮಾಡಿದ ನಳಿಗೆಗೆ ಆ ಕಾಲದಲ್ಲಿ ಒತ್ತುತ್ತಿದ್ದ ಮುದ್ರೆ ಅದು. ಇಷ್ಟು ವರ್ಷ ಅದರಲ್ಲಿ ಈಗಿನ ತೋಟೆ ಹಾಕಿ ಈಡು ಹೊಡೆದಿದ್ದರು. ಏನೂ ಆಗಿರಲಿಲ್ಲ, ಸದ್ಯ. ನಾನು ಅಜ್ಜನಿಗೆ ನೇರವಾಗಿ ಹೇಳಿದೆ. "ಅಜ್ಜ, ಕೋವಿಯನ್ನ ಸರಿ ಮಾಡಿಕೊಡ್ತೇನೆ. ಆದರೆ ಇನ್ನು ಮೇಲೆ ಇದರಲ್ಲಿ ತೋಟೆ ಹಾಕಬೇಡಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುದುರೆ ಎತ್ತುವಾಗ ಆ ಸದ್ದು ಬಂದರೆ ಸಾಕು" ಎಂದರು.

ಅಲುಗಾಡುವ ಕೋವಿ

ಮುಂದಿನ ಮರ ಬಿಚ್ಚಿಟ್ಟು, ನಳಿಗೆ ಕೂರಿಸಿ, ಲಿವರ್ ಮುಚ್ಚಿ. ಹಿಡಿಯನ್ನು ಕಂಕುಳಲ್ಲಿ ಒತ್ತಿಕೊಂಡು ನಳಿಗೆಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಮುಂದಿನ ಮರ ಇದ್ದರೆ ಅದರ ಸ್ಪ್ರಿಂಗ್ ಸಡಿಲವನ್ನು ಮುಚ್ಚಿಡುತ್ತದೆ, ಅದಕ್ಕೇ ಬಿಚ್ಚುವುದು. ಟಕ್ ಎಂದರೆ ಸವೆತ ಇದೆ. ಬೆಳಕಿನ ಎದುರು ಹಿಡಿದಾಗ ನಳಿಗೆಯ ಹಿಂಬದಿಗೂ ಅದರ ಹಿಂದೆ ನಿಂತ ಲೋಹದ ಗೋಡೆಗೂ ನಡುವೆ ಗೆರೆ ಕಂಡರೆ ಸಂದು ಬಿಟ್ಟಿದೆ. ಸಿಗರೇಟಿನ ತೆಳು ಕಾಗದ ಇಟ್ಟು ಮುಚ್ಚಿ ನೋಡುವುದೂ ಒಂದು ಹಳೆಯ ಉಪಾಯ. ಕಾಗದ ಬಿಗಿಯಾಗಿ ಹಿಡಿಯಬೇಕು.

ಇಲ್ಲಿ ಎಲ್ಲರೂ ದೂರುವುದು ಮೇಲಿನ ಲಿವರನ್ನು, ಅದು ಎಳೆಯುವ ಬೋಲ್ಟನ್ನು, ಅಂದರೆ ನಳಿಗೆಯನ್ನು ಮುಚ್ಚಿ ಹಿಡಿಯುವ ಅಗುಳಿಯನ್ನು. "ಬೋಲ್ಟ್ ಸವೆದಿದೆ, ಹೊಸದು ಹಾಕಿ" ಎನ್ನುತ್ತಾರೆ. ಆದರೆ ಎರಡು ಸವೆತ ಬೇರೆ ಬೇರೆ. ಲಿವರ್ ಮುಚ್ಚಿದಾಗ ಎಲ್ಲಿ ನಿಲ್ಲುತ್ತದೆ ನೋಡಿ. ಹೊಸದರಲ್ಲಿ ಅದು ನಡುವಿನಿಂದ ಸ್ವಲ್ಪ ಬಲಕ್ಕೆ ನಿಲ್ಲುವ ಹಾಗೆ ಮಾಡಿರುತ್ತಾರೆ. ನಡು ದಾಟಿ ಎಡಕ್ಕೆ ಹೋಗಿದ್ದರೆ ಬೋಲ್ಟ್ ಸವೆದಿದೆ. ಲಿವರ್ ಸರಿಯಾದ ಜಾಗದಲ್ಲೇ ಇದ್ದು ಸಂದು ಮಾತ್ರ ಬಿಟ್ಟಿದ್ದರೆ ಸವೆದದ್ದು ಮುಂದೆ, ನಳಿಗೆಯ ಕೊಕ್ಕೆ ಮತ್ತು ಅದು ತಿರುಗುವ ಪಿನ್ನಿನ ನಡುವೆ. ಅಲ್ಲಿ ಕೂದಲೆಳೆಯಷ್ಟು ಸವೆದರೂ ಹಿಂದೆ ಸಂದಾಗಿ ಕಾಣುತ್ತದೆ.

ಸರಿಯಾದ ಪರಿಹಾರ ಎಂದರೆ ಸ್ವಲ್ಪ ದಪ್ಪದ ಹೊಸ ಪಿನ್ ಕೂರಿಸುವುದು, ಇಲ್ಲವೇ ಕೊಕ್ಕೆಗೆ ಲೋಹ ತುಂಬಿ ಮಸಿ ಹಚ್ಚಿ ನೋಡುತ್ತಾ ತಾಳೆ ಹಾಕುವುದು. ಮಸಿ ತಾಗಿದ ಕಡೆ ಮಾತ್ರ ಅರ ಆಡಿಸಬೇಕು, ಒಂದೊಂದೇ ಸಲ. ಇದಕ್ಕೆ ವರ್ಷಗಳ ಕೈ ಬೇಕು. ತಪ್ಪು ಪರಿಹಾರಗಳನ್ನು ನಾನು ತುಂಬಾ ಕಂಡಿದ್ದೇನೆ. ಕೊಕ್ಕೆಯ ಒಳಗೆ ತಗಡಿನ ಚೂರು ಅಂಟಿಸಿದ್ದು. ಕೊಕ್ಕೆಯನ್ನು ಪಕ್ಕದಿಂದ ಸುತ್ತಿಗೆಯಲ್ಲಿ ಬಡಿದು ಹಿಗ್ಗಿಸಿದ್ದು. ನಳಿಗೆಯ ತಳದಲ್ಲಿ ಸಾಲಾಗಿ ಬಡಿದ ಗುರುತು ಕಂಡರೆ ಕೋವಿಯನ್ನು ಕೊಳ್ಳುವವರು ಅಲ್ಲೇ ಕೆಳಗಿಡಲಿ.

ಆ್ಯಕ್ಷನ್ನಿನ, ಅಂದರೆ ನಳಿಗೆ ಕೂರುವ ಲೋಹದ ಒಡಲಿನ, ಅಡ್ಡ ಭಾಗವೂ ನಿಂತ ಗೋಡೆಯೂ ಸೇರುವ ಮೂಲೆಯನ್ನು ಚೆನ್ನಾಗಿ ಒರೆಸಿ, ಭೂತಗನ್ನಡಿಯಲ್ಲಿ ನೋಡಿ. ಸೀಳು ಹುಟ್ಟುವುದು ಅಲ್ಲೇ. ಬಣ್ಣ ಇಳಿಸಿ ಸೀಳು ತೋರಿಸುವ ದ್ರವದಿಂದ ಪರೀಕ್ಷೆ ಮಾಡಿಸಬಹುದು. ಸೀಳು ಖಚಿತವಾದರೆ ಆ ಕೋವಿಗೆ ಈಡಿನ ಕಾಲ ಮುಗಿಯಿತು.

ತೋಟೆ ಹತ್ತುವುದಿಲ್ಲ

ಈಗ ಅಜ್ಜನ ಕೋವಿಯ ನಿಜವಾದ ದೂರಿಗೆ ಬರೋಣ. ಕುದುರೆ ಬೀಳುತ್ತದೆ, ಕೇಪು ಹತ್ತುವುದಿಲ್ಲ. ಹತ್ತದ ತೋಟೆ ಇದ್ದರೆ ಅದರ ಕೇಪಿನ ಗುರುತು ನೋಡುವುದೇ ಮೊದಲ ಕೆಲಸ. ತೋಟೆ ಹತ್ತದಿದ್ದಾಗ ತಕ್ಷಣ ಕೋವಿ ತೆರೆಯಬೇಡಿ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷಕ್ಕಿಂತ ಜಾಸ್ತಿ ಕಾಯಿರಿ, ಮದ್ದು ತಡವಾಗಿ ಹತ್ತುವುದುಂಟು.

ಗುರುತು ನಡುವೆ ಇದ್ದು ಆಳ ಸಾಲದಿದ್ದರೆ ಹೊಡೆತ ನಿಧಾನವಾಗಿದೆ ಅಥವಾ ಕುದುರೆಯ ಹೊಡೆತವನ್ನು ಕೇಪಿಗೆ ಮುಟ್ಟಿಸುವ ಸ್ಟ್ರೈಕರ್ ಪಿನ್ ಗಿಡ್ಡ ಆಗಿದೆ. ಗುರುತು ಪಕ್ಕಕ್ಕೆ ಬಿದ್ದಿದ್ದರೆ ಪಿನ್ ಬಾಗಿದೆ ಅಥವಾ ಅದರ ತೂತು ಸವೆದಿದೆ. ಗುರುತಿನ ಅಂಚು ಚೂಪಾಗಿ ಮುರಿದಂತೆ ಇದ್ದರೆ ಪಿನ್ನಿನ ತುದಿ ಮುರಿದಿದೆ. ಗುರುತೇ ಇಲ್ಲದಿದ್ದರೆ ಪಿನ್ ತನ್ನ ತೂತಿನಲ್ಲಿ ಹಳೆಯ ಎಣ್ಣೆ ಗೋಂದಾಗಿ ಅಂಟಿಕೊಂಡಿದೆ. ಈ ಕೊನೆಯದು ನಮ್ಮ ಕಡೆ ತುಂಬಾ ಸಾಮಾನ್ಯ, ಯಾಕೆಂದರೆ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಕೊನೆಗೆ ಹರಳೆಣ್ಣೆಯನ್ನೂ ಸುರಿದಿರುತ್ತಾರೆ. ಬಿಚ್ಚಿ ತೊಳೆದರೆ ಗುಣವಾಗುತ್ತದೆ.

ತೋಟೆಯ ಅಂಚು ಕೂರುವ ಗುಂಡಿ ಜಾಸ್ತಿ ಆಳವಾಗಿದ್ದರೂ ಹೀಗೇ ಆಗುತ್ತದೆ. ಪಿನ್ ಹೊಡೆದಾಗ ತೋಟೆ ಮುಂದಕ್ಕೆ ಜಾರಿ ಹೊಡೆತವನ್ನು ನುಂಗಿಬಿಡುತ್ತದೆ. ಯಾರಾದರೂ ಡ್ರಿಲ್ಲಿಗೆ ಎಮರಿ ಕಟ್ಟಿ ಚೇಂಬರ್ ಉಜ್ಜಿದ್ದರೆ ಇದನ್ನು ನೆನಪಿಡಿ.

ಅಜ್ಜನ ಕೋವಿಯಲ್ಲಿ ಗುರುತು ನಡುವೆಯೇ ಇತ್ತು, ಆಳ ಸಾಲದು. ಪಿನ್ನುಗಳನ್ನು ಅಳೆದೆ, ಎಡ ಬಲ ಎರಡೂ ಒಂದೇ. ಎಡಗಡೆಯ ಲಾಕನ್ನು, ಅಂದರೆ ಕುದುರೆ, ಸ್ಪ್ರಿಂಗ್ ಕೂರಿಸಿದ ತಗಡನ್ನು, ಮರದಿಂದ ಹೊರಗೆ ತೆಗೆದು ಕೈಯಲ್ಲಿ ಹಿಡಿದು ಕುದುರೆ ಎತ್ತಿ ನೋಡಿದೆ. ಚೆನ್ನಾಗಿಯೇ ಎಳೆಯಿತು. ಹೆಬ್ಬೆರಳಿನಿಂದ ತಡೆದು ಮೆಲ್ಲಗೆ ಇಳಿಸಿದೆ. ಲಾಕನ್ನು ಹೊರಗೆ ಹಿಡಿದಾಗ ಕುದುರೆಯನ್ನು ಎಂದೂ ಹಾಗೇ ಬೀಳಬಿಡಬಾರದು, ಒಳಗಿನ ಭಾಗ ಮುರಿಯುತ್ತದೆ. ಸ್ಪ್ರಿಂಗಿನಲ್ಲಿ ಬಲ ಇತ್ತು. ಲಾಕನ್ನು ಮರಕ್ಕೆ ಕೂರಿಸಿ ಸ್ಕ್ರೂ ಬಿಗಿದು ಮತ್ತೆ ಎತ್ತಿದೆ. ಈಗ ಕುದುರೆ ಭಾರ, ಇಳಿಸುವಾಗ ಮಂದ. ಹೊರಗೆ ಆರೋಗ್ಯ, ಒಳಗೆ ಕಾಯಿಲೆ. ಅಂದರೆ ತೊಂದರೆ ಲಾಕಿನಲ್ಲಿ ಇಲ್ಲ, ಮರದಲ್ಲಿದೆ.

ಇದನ್ನು ಖಚಿತ ಮಾಡಿಕೊಳ್ಳಲು ದೀಪದ ಮಸಿ ಸಾಕು. ಲಾಕಿನ ಒಳಭಾಗಗಳಿಗೆಲ್ಲ, ಸ್ಪ್ರಿಂಗಿನ ಅಂಚಿಗೂ ಸೇರಿಸಿ, ತೆಳ್ಳಗೆ ಮಸಿ ಹಚ್ಚಿದೆ. ಮರಕ್ಕೆ ಕೂರಿಸಿ, ಚೇಂಬರಿಗೆ ಮದ್ದಿಲ್ಲದ ಡಮ್ಮಿ ತೋಟೆ ಹಾಕಿ, ಕುದುರೆಯನ್ನು ಐದಾರು ಸಲ ಎತ್ತಿ ಇಳಿಸಿದೆ. ಬಿಚ್ಚಿ ನೋಡಿದರೆ ಮರದ ಗೂಡಿನೊಳಗೆ ಎರಡು ಕಪ್ಪು ಗೆರೆ. ಸ್ಪ್ರಿಂಗಿನ ಕೆಳಗಿನ ಎಲೆ ಉಜ್ಜಿದ ಜಾಗ ಅದು. ಆ ಜಾಗದಲ್ಲಿ ಮರ ಮೊದಲೇ ಉಜ್ಜಿ ಉಜ್ಜಿ ನುಣ್ಣಗೆ ಹೊಳೆಯುತ್ತಿತ್ತು.

ಆದದ್ದು ಹೀಗೆ. ಕೋವಿಯನ್ನು ವರ್ಷಗಟ್ಟಲೆ ಬಾಯಿ ಮೇಲೆ ಮಾಡಿ ನಿಲ್ಲಿಸಿದ್ದರು. ಸುರಿದ ಎಣ್ಣೆಯೆಲ್ಲ ಇಳಿದು ಹಿಡಿಯ ಮರದ ತಲೆಯೊಳಗೆ ಸೇರಿತು. ಎಣ್ಣೆ ಕುಡಿದ ಮರ ಕಪ್ಪಾಗಿ ಮೆತ್ತಗಾಯಿತು. ಮೆತ್ತಗಾದ ಮೇಲೆ ಲಾಕಿನ ಸ್ಕ್ರೂ ಬಿಗಿದಾಗಲೆಲ್ಲ ತಗಡು ಇನ್ನೂ ಒಳಗೆ ಇಳಿಯಿತು. ಅದರ ಮೇಲೆ ಕೊಡಗಿನ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೇ ಕಾಯಿಲೆ ಮಳೆಗಾಲದಲ್ಲೇ ಜಾಸ್ತಿ. ಅಜ್ಜ ಮೊದಲ ದಿನವೇ ಉತ್ತರ ಹೇಳಿದ್ದರು. ಸ್ಪ್ರಿಂಗ್ ಬದಲಾಯಿಸಿದವರು ಆ ಮಾತನ್ನು ಕೇಳಿಸಿಕೊಂಡಿರಲಿಲ್ಲ.

ಪರಿಹಾರಕ್ಕೆ ಆರು ವಾರ ಹಿಡಿಯಿತು. ಅದರಲ್ಲಿ ಬಹುಪಾಲು ಸುಮ್ಮನೆ ಕಾಯುವುದೇ. ಮರದ ತಲೆಗೆ ಸೀಮೆಸುಣ್ಣದ ನುಣ್ಣನೆ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಹಚ್ಚಿದೆ. ಒಣಗಿದಾಗ ಪುಡಿ ಹಳದಿಯಾಗಿ, ಕಂದಾಗಿ ಎಣ್ಣೆಯನ್ನು ಹೊರಗೆಳೆಯುತ್ತದೆ. ಒರೆಸಿ ಮತ್ತೆ ಹಚ್ಚುವುದು. ಅಸಿಟೋನ್ ಬೆಂಕಿಗೆ ತಕ್ಷಣ ಹತ್ತುತ್ತದೆ, ಹಾಗಾಗಿ ಗಾಳಿ ಆಡುವ ಜಾಗದಲ್ಲಿ, ಒಲೆ ದೀಪಗಳಿಂದ ದೂರ ಮಾಡಬೇಕು. ಒಂಬತ್ತನೆಯ ಸಲ ಪುಡಿ ಬೆಳ್ಳಗೇ ಉಳಿಯಿತು. ಸುಡುವ ಸುಣ್ಣವನ್ನು ಮಾತ್ರ ಬಳಸಬೇಡಿ, ಅದು ಮರವನ್ನು ಕೆಡಿಸುತ್ತದೆ. ಆಮೇಲೆ ಕಪ್ಪು ಗೆರೆ ಬಿದ್ದ ಕಡೆ ಮಾತ್ರ ಚೂಪು ಉಳಿಯಿಂದ ಕಾಗದದಷ್ಟು ಮರ ತೆಗೆದೆ. ಲೋಹಕ್ಕೆ ಕೈ ಹಚ್ಚಲಿಲ್ಲ. ಗೂಡಿನೊಳಗೆ ತೇವ ಇಳಿಯದಂತೆ ತೆಳ್ಳಗೆ ವಾರ್ನಿಷ್ ಬಳಿದೆ, ಹೊರಗೆ ಅಗಸೆ ಎಣ್ಣೆಯನ್ನು ಅಂಗೈಯಿಂದ ತಿಕ್ಕಿದೆ.

ಒಂದು ಟ್ರಿಗರ್, ಎರಡು ಈಡು

ಇದು ಎಲ್ಲಕ್ಕಿಂತ ಅಪಾಯದ ದೂರು. ಬಲಗಡೆ ಒತ್ತಿದರೆ ಎಡಗಡೆಯೂ ಸಿಡಿಯುತ್ತದೆ. ತುಂಬಾ ಸಲ ಹೊಡೆದವರಿಗೇ ಗೊತ್ತಾಗಿರುವುದಿಲ್ಲ. "ಇವತ್ತು ಯಾಕೋ ಜಾಸ್ತಿ ಒದೆಯಿತು" ಎನ್ನುತ್ತಾರೆ, ತೆರೆದರೆ ಎರಡೂ ಖಾಲಿ.

ಮೂರು ಕಾರಣ ಇರಬಹುದು. ಕುದುರೆಯ ಕಚ್ಚು ಅಥವಾ ಅದನ್ನು ಹಿಡಿಯುವ ಸಿಯರಿನ ಮೂಗು ಸವೆದು, ಮೊದಲ ಈಡಿನ ಅದುರಿಗೆ ಎರಡನೆಯದು ಜಾರುವುದು. ಕಚ್ಚಿನಲ್ಲಿ ಗೋಂದಾದ ಎಣ್ಣೆ ತುಂಬಿ ಸಿಯರ್ ಪೂರ್ತಿ ಕೂರದಿರುವುದು. ಇಲ್ಲವೇ ಟ್ರಿಗರ್ ತುಂಬಾ ಹಗುರವಾಗಿದ್ದು, ಕೋವಿ ಹಿಂದಕ್ಕೆ ಒದ್ದಾಗ ಬೆರಳು ತಾನೇ ಎರಡನೆಯ ಟ್ರಿಗರಿಗೆ ತಾಗುವುದು.

ಪರೀಕ್ಷೆ ಹೀಗೆ. ಎರಡೂ ಕಡೆ ಡಮ್ಮಿ ತೋಟೆ ಹಾಕಿ. ಎರಡೂ ಕುದುರೆ ಎತ್ತಿ. ಹಿಡಿಯ ತಳವನ್ನು ದಪ್ಪ ರಬ್ಬರ್ ಮ್ಯಾಟಿನ ಮೇಲೆ ಒಂದು ಗೇಣು ಎತ್ತರದಿಂದ ಕುಟ್ಟಿ. ಬಲಗಡೆಯ ಟ್ರಿಗರ್ ಒತ್ತಿ ಕುದುರೆ ಬೀಳಿಸಿ, ಮತ್ತೆ ಕುಟ್ಟಿ. ಎಡಗಡೆ ನಿಲ್ಲಬೇಕು. ಹತ್ತು ಸಲ ಮಾಡಿ. ಒಂದು ಸಲ ಬಿದ್ದರೂ ಆ ಕೋವಿಗೆ ತೋಟೆ ಹಾಕುವಂತಿಲ್ಲ. ಟ್ರಿಗರಿನ ಭಾರವನ್ನು ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಬಹುದು. ಮುಂದಿನದು ಸುಮಾರು ಮೂರೂವರೆ ಪೌಂಡ್, ಹಿಂದಿನದು ನಾಲ್ಕು ಪೌಂಡ್, ಅಂದರೆ 1.6ರಿಂದ 1.8 ಕೆ.ಜಿ. ಇದಕ್ಕಿಂತ ತುಂಬಾ ಕಡಿಮೆ ಬಂದರೆ ಯಾರೋ ಕಚ್ಚಿಗೆ ಅರ ಆಡಿಸಿದ್ದಾರೆ. ಕಚ್ಚು ಮತ್ತು ಮೂಗಿನ ಮೇಲೆ ಗಟ್ಟಿ ಮಾಡಿದ ಪದರ ತುಂಬಾ ತೆಳು. ಅರ ಆಡಿಸಿದರೆ ಅದು ಹೋಗಿ ಒಳಗಿನ ಮೆದು ಉಕ್ಕು ಬರುತ್ತದೆ, ಬೇಗ ಸವೆಯುತ್ತದೆ.

"ಸೇಫ್ಟಿ ಇದೆಯಲ್ಲ" ಎನ್ನುವವರಿಗೆ ಒಂದು ಮಾತು. ಬಹುಪಾಲು ಹಳೆಯ ಜೋಡಿ ನಳಿಗೆಗಳ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಸಿಯರ್ ಜಾರಿದರೆ ಅದೇನೂ ಮಾಡುವುದಿಲ್ಲ. ಕುದುರೆ ಒಳಗೆ ಇರುವ ಬಾಕ್ಸ್‌ಲಾಕ್‌ಗಳಿಗೂ ಈ ಮಾತು ಅನ್ವಯಿಸುತ್ತದೆ. 1875ರಲ್ಲಿ ಆನ್ಸನ್ ಮತ್ತು ಡೀಲಿ ಅದನ್ನು ರೂಪಿಸಿದಾಗಿನಿಂದ ಅದು ಎಷ್ಟು ಸರಳ ಗಟ್ಟಿ ಯಂತ್ರ ಎಂದು ನನಗೆ ಗೌರವವಿದೆ. ಆದರೆ ಒಳಗೆ ಅಡಗಿರುವ ಕಚ್ಚು ಸವೆದದ್ದು ಕಣ್ಣಿಗೆ ಬೀಳುವುದೇ ಇಲ್ಲ.

ಇಜೆಕ್ಟರ್ ಇದ್ದರೆ

ಕೋವಿ ತೆರೆದಾಗ ಖಾಲಿ ತೋಟೆಯನ್ನು ತಾನೇ ಹೊರಗೆ ಎಸೆಯುವ ಭಾಗ ಇಜೆಕ್ಟರ್. ಖಾಲಿ ತೋಟೆ ಒಂದು ಕಡೆ ಮಾತ್ರ ಹಾರುತ್ತದೆ ಎಂದರೆ ಬಹಳ ಸಲ ಕೊಳೆ ಅಥವಾ ಸೋತ ಸ್ಪ್ರಿಂಗ್. ಡಮ್ಮಿ ತೋಟೆ ಹಾಕಿ ಎರಡೂ ಟ್ರಿಗರ್ ಒತ್ತಿ ತೆರೆಯಿರಿ, ಎರಡೂ ಒಟ್ಟಿಗೆ ಹಾರಿ ಹತ್ತಿರ ಹತ್ತಿರ ಬೀಳಬೇಕು. ಮುಂದಿನ ಮರ ಸಡಿಲವಾಗಿದ್ದರೂ ಸಮಯ ತಪ್ಪುತ್ತದೆ, ಅದನ್ನು ಮೊದಲು ನೋಡಿ. ಇದರ ಒಳಗನ್ನು ಮನೆಯಲ್ಲಿ ಬಿಚ್ಚಬೇಡಿ. ಸ್ಪ್ರಿಂಗ್ ಕಣ್ಣಿಗೆ ಹಾರಿದರೆ ಕಷ್ಟ.

ಸ್ಕ್ರೂ ಮತ್ತು ಹೊಳಪು

ಹಳೆಯ ಕೋವಿಯ ಸ್ಕ್ರೂ ಗಾಡಿಗಳು, ಅಂದರೆ ಸ್ಕ್ರೂ ತಲೆಯ ಮೇಲಿನ ಕಚ್ಚುಗಳು, ತುಂಬಾ ತೆಳು. ಅಂಗಡಿಯ ಸ್ಕ್ರೂಡ್ರೈವರ್ ತುದಿ ಆಪಿನ ಹಾಗೆ ಇರುತ್ತದೆ, ಗಾಡಿಯ ತಳ ಮುಟ್ಟದೆ ಅಂಚನ್ನೇ ಕೀಳುತ್ತದೆ. ತುದಿಯನ್ನು ಗಾಡಿಗೆ ತಕ್ಕಂತೆ ಸಮ ದಪ್ಪಕ್ಕೆ ಸಾಣೆ ಹಿಡಿದುಕೊಳ್ಳಿ. ತುಕ್ಕು ಹಿಡಿದ ಸ್ಕ್ರೂಗೆ ಒಂದು ಹನಿ ಒಳ ಇಳಿಯುವ ಎಣ್ಣೆ ಹಾಕಿ, ಮರಕ್ಕೆ ತಾಗದಂತೆ. ರಾತ್ರಿ ಕಳೆಯಲಿ. ಬೇಕಾದರೆ ವಾರ ಕಳೆಯಲಿ. ಪ್ರತಿ ಸ್ಕ್ರೂ ತನ್ನ ತೂತಿಗೇ ಮಾಡಿದ್ದು, ಆದ್ದರಿಂದ ರಟ್ಟಿನ ಮೇಲೆ ಚಿತ್ರ ಬರೆದು ಅದರದ್ದೇ ಜಾಗಕ್ಕೆ ಚುಚ್ಚಿಡಿ.

ಆ್ಯಕ್ಷನ್ನಿನ ಮೇಲೆ ನೀಲಿ, ಕಂದು, ಹುಲ್ಲಿನ ಬಣ್ಣದ ಮಸುಕಾದ ಛಾಯೆ ಎಲ್ಲಾದರೂ ಉಳಿದಿದ್ದರೆ, ಸ್ಕ್ರೂ ತಲೆಯ ಹತ್ತಿರವೋ ಲಿವರಿನ ಕೆಳಗೋ, ಅದನ್ನು ಪಾಲಿಶ್ ಮಾಡಬೇಡಿ. ಮೂಳೆ ಮತ್ತು ಇದ್ದಿಲಿನ ಜೊತೆ ಕಾಯಿಸಿ ನೀರಿಗೆ ಹಾಕಿದಾಗ ಹುಟ್ಟಿದ ಬಣ್ಣ ಅದು. ಒಮ್ಮೆ ಉಜ್ಜಿದರೆ ಹೋಯಿತು. ಮೊಮ್ಮಗ ಉಜ್ಜಿದ ಅರ್ಧ ನಳಿಗೆಯನ್ನು ನಾವು ಮತ್ತೆ ಹಳೆಯ ವಿಧಾನದಲ್ಲಿ ಕಪ್ಪು ಮಾಡಿದೆವು. ಅವನನ್ನೇ ಕೂರಿಸಿಕೊಂಡು ತೋರಿಸಿದೆ. ಹನ್ನೊಂದು ಸಲ ತುಕ್ಕು, ಹನ್ನೊಂದು ಸಲ ಕುದಿನೀರು. ಎರಡನೆಯ ದಿನದಿಂದ ಅವನು ಫೋನ್ ಮುಟ್ಟಲಿಲ್ಲ.

ಆ ವರ್ಷದ ಹಬ್ಬಕ್ಕೆ ಕೋವಿ ತಯಾರಾಗಲಿಲ್ಲ. ಮರ ಒಣಗಿರಲಿಲ್ಲ. ಕೊಟ್ಟದ್ದು ತಿಂಗಳು ಕಳೆದ ಮೇಲೆ. ಬರೀ ಕೇಪು ಇದ್ದ ಮದ್ದಿಲ್ಲದ ತೋಟೆಗಳನ್ನು ಅಂಗಡಿಯಲ್ಲೇ ಹಾಕಿ ನೋಡಿದ್ದೆ. ಎಡಗಡೆ ಇಪ್ಪತ್ತಕ್ಕೆ ಇಪ್ಪತ್ತೂ ಹತ್ತಿತು. ಕೋವಿಯನ್ನು ಬಾಯಿ ಕೆಳಗೆ ಮಾಡಿ, ತಳದಲ್ಲಿ ಬಟ್ಟೆ ಇಟ್ಟು ನಿಲ್ಲಿಸಿ ಎಂದು ಹೇಳಿ ಕಳಿಸಿದೆ. ಮುಂದಿನ ಆಗಸ್ಟ್ ಮಳೆಯಲ್ಲಿ ಅಜ್ಜ ಫೋನ್ ಮಾಡಿದರು. ಏನೂ ಹೇಳಲಿಲ್ಲ. ಫೋನನ್ನು ಹತ್ತಿರ ಹಿಡಿದು ಎಡಗಡೆಯ ಕುದುರೆಯನ್ನು ಒಂದು ಸಲ ಎತ್ತಿ ಕೇಳಿಸಿದರು.